ಹೊಟ್ಟೆಗೆ ದುರ್ಬೀನು: ಬಾಳೆಗುಳಿ ಕ್ರಾಸಿನಲ್ಲಿ ಎತ್ತ ತಿರುಗಬೇಕು?

ಅಂಕೋಲಾದ ಬಾಳೆಗುಳಿ ಕ್ರಾಸಿನಿಂದ ಒಂದು ದಾರಿ ಕಾರವಾರ, ಗೋವೆಯತ್ತ ಹೋದರೆ ಇನ್ನೊಂದು ಕುಮಟಾ, ಹೊನ್ನಾವರ ದಾಟಿ ಮಣಿಪಾಲದತ್ತ ಸಾಗುತ್ತದೆ. ಮೂರನೆಯದು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ. ಎಂಡೋಸ್ಕೋಪಿ ಮಾಡಿಸಬೇಕಾದವರು ಇವುಗಳಲ್ಲೊಂದನ್ನು ಹಿಡಿಯಬೇಕು. ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗವನ್ನು ಕ್ಯಾಮೆರಾ ಕೊಳವೆಯಿಂದ ನೋಡುವ ಎಂಡೋಸ್ಕೋಪಿ ಐದು-ಹತ್ತು ನಿಮಿಷದ ಕೆಲಸ. ನಮ್ಮ ಕಡೆಯವರಿಗೆ ಕಷ್ಟವಾಗುವುದು ಅದಲ್ಲ, ಯಾವಾಗ ಹೊರಡಬೇಕು, ಎಲ್ಲಿಗೆ ಹೋಗಬೇಕು ಎಂಬುದು.

ಮೊದಲು ಅವಸರದ್ದು. ರಕ್ತ ವಾಂತಿಯಾದರೆ, ಡಾಂಬರಿನಂಥ ಕಪ್ಪು ಮಲ ಹೋಗಿ ತಲೆ ತಿರುಗಿದರೆ, ಕಾರು ಮಾಡಿಕೊಂಡು ನೇರ ಘಟ್ಟ ಹತ್ತಬೇಡಿ. 108ಕ್ಕೆ ಕರೆ ಮಾಡಿ, ಅಂಕೋಲಾ ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಬಿಪಿ ಹತೋಟಿಗೆ ಬಂದ ಮೇಲೆ ಅಲ್ಲಿಯ ವೈದ್ಯರು ಹೇಳಿದಲ್ಲಿಗೆ ಹೋಗಿ. ಹುಬ್ಬಳ್ಳಿಗೆ ಸುಮಾರು 130 ಕಿ.ಮೀ. ಇದೆ, ದಾರಿಯುದ್ದಕ್ಕೂ ರಕ್ತ ಸೋರುತ್ತಿದ್ದರೆ ಅಲ್ಲಿಯ ಎಂಡೋಸ್ಕೋಪಿಯಿಂದ ಪ್ರಯೋಜನವಾಗದಿರಬಹುದು. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಅದನ್ನು ವೈದ್ಯರಿಗೆ ತಿಳಿಸಿ.

ಮೀನಿನ ಮುಳ್ಳು ಸಿಕ್ಕಾಗ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವುದು ಕರಾವಳಿಯ ಹಳೆಯ ಅಭ್ಯಾಸ. ಅದನ್ನು ಬಿಡಬೇಕು. ಉಂಡೆಯ ಒತ್ತಡಕ್ಕೆ ಮುಳ್ಳು ಇನ್ನಷ್ಟು ಆಳಕ್ಕೆ ನಾಟಬಹುದು. ನೋವು ನಿಲ್ಲದಿದ್ದರೆ, ಉಗುಳು ನುಂಗಲಾಗದಿದ್ದರೆ ಏನನ್ನೂ ತಿನ್ನದೆ ಅಂದೇ ಆಸ್ಪತ್ರೆಗೆ ಹೊರಡಿ. ಮಗು ಬಟನ್ ಬ್ಯಾಟರಿ ನುಂಗಿದ್ದರೆ ಒಂದು ಗಂಟೆಯೂ ತಡ ಮಾಡುವಂತಿಲ್ಲ. ಅದು ಅನ್ನನಾಳವನ್ನು ಸುಡುತ್ತದೆ. ಇನ್ನು ಎದೆ ಹಿಂಡಿ ಬೆವರುತ್ತಿದ್ದರೆ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿಯುತ್ತ ಕೂರಬೇಡಿ. ಮೊದಲು ಇಸಿಜಿ, ಹೊಟ್ಟೆಯ ವಿಚಾರ ಆಮೇಲೆ.

ಅವಸರವಿಲ್ಲದಿದ್ದರೂ ಮುಂದೂಡಬಾರದ ಲಕ್ಷಣಗಳಿವೆ: ನುಂಗುವಾಗ ಅಡ್ಡಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಪದೇ ಪದೇ ವಾಂತಿ, ನಡುವಯಸ್ಸಿನ ನಂತರ ಹೊಸದಾಗಿ ಶುರುವಾದ ಹೊಟ್ಟೆನೋವು. ಇವು ಮುರುಗಲು ಕಷಾಯದಿಂದ ತಗ್ಗಿದಂತೆ ಕಂಡರೂ ನಂಬಬೇಡಿ.

ಹೋಗುವ ಮುಂಚೆ ಕಾರವಾರದ ಕ್ರಿಮ್ಸ್‌ ಆಸ್ಪತ್ರೆಗೋ ಹುಬ್ಬಳ್ಳಿಯ ಆಸ್ಪತ್ರೆಗೋ ಫೋನ್ ಮಾಡಿ, ಎಂಡೋಸ್ಕೋಪಿ ಯಾವ ದಿನ ಇದೆಯೆಂದು ಕೇಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ರೆಫರಲ್ ಚೀಟಿ ಬೇಕೇ ಎಂದೂ ವಿಚಾರಿಸಿಕೊಳ್ಳಿ. ಹಿಂದಿನ ರಾತ್ರಿ ಬೇಗ ಉಂಡುಬಿಡಿ. ಪರೀಕ್ಷೆಗೆ ಮುನ್ನ ಕನಿಷ್ಠ ಆರೆಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ದೂರದ ದಾರಿ ಎಂದು ಬೆಳಗ್ಗೆ ಒಂದು ಲೋಟ ಹಾಲಿನ ಚಹಾ ಕುಡಿದು ಹೊರಟರೆ ಪರೀಕ್ಷೆ ಮುಂದೂಡಿಯಾರು. ರಕ್ತ ತೆಳುಗೊಳಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಮಂಡಿನೋವಿಗೆ ಅಂಗಡಿಯಿಂದ ತಂದ ಗುಳಿಗೆಗಳ ಹೆಸರೂ ವೈದ್ಯರಿಗೆ ಬೇಕು. ಎಷ್ಟೋ ಹುಣ್ಣುಗಳಿಗೆ ಅವೇ ಕಾರಣ.

ಆಸ್ಪತ್ರೆಯಲ್ಲಿ, ಕಟ್ಟಿಸಿಕೊಂಡ ಹಲ್ಲು ಇದ್ದರೆ ತೆಗೆಸಿ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸುತ್ತಾರೆ. ಓಕರಿಕೆ ಬರುತ್ತದೆ, ಉಸಿರು ಕಟ್ಟುವುದಿಲ್ಲ. ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಿದ್ದರೆ ಸಾಕು. ನೋಡುವುದರ ಜೊತೆಗೇ ಚಿಕಿತ್ಸೆಯೂ ಆಗಬಹುದು: ರಕ್ತ ಸುರಿಯುವ ಹುಣ್ಣಿಗೆ ಚುಚ್ಚುಮದ್ದು ಇಲ್ಲವೇ ಕ್ಲಿಪ್, ಲಿವರ್ ಕಾಯಿಲೆಯಿಂದ ಉಬ್ಬಿದ ರಕ್ತನಾಳಕ್ಕೆ ರಬ್ಬರ್ ಬ್ಯಾಂಡ್, ಕಿರಿದಾದ ಅನ್ನನಾಳಕ್ಕೆ ಬಲೂನು. ಬಯಾಪ್ಸಿಗೆ ಚೂರು ಕಿತ್ತರೆ ನೋವು ತಿಳಿಯುವುದೇ ಇಲ್ಲ.

ಆ ಚೂರಿನಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಇದೆಯೇ ಎಂದೂ ನೋಡುತ್ತಾರೆ. ಹುಣ್ಣಿಗೆ ಈ ಬ್ಯಾಕ್ಟೀರಿಯಾ ಕಾರಣವಾಗಬಹುದೆಂದು ತೋರಿಸಲು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ಅಸಿಡಿಟಿ ಮಾತ್ರೆ ನುಂಗುತ್ತಿದ್ದರೆ ಈ ಪರೀಕ್ಷೆ ತಪ್ಪು ಫಲಿತಾಂಶ ಕೊಡಬಹುದು. ಆ ಮಾತ್ರೆಯನ್ನು ಎರಡು ವಾರ ಮೊದಲೇ ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ.

ಗಂಟಲಿನ ಜೋಮು ಇಳಿಯುವವರೆಗೆ ನೀರೂ ಬೇಡ. ನಿದ್ದೆಯ ಚುಚ್ಚುಮದ್ದು ಕೊಟ್ಟಿದ್ದರೆ ಅಂದು ಬೈಕು ಮುಟ್ಟಬೇಡಿ, ಜೊತೆಗೊಬ್ಬರು ಇರಲಿ. ಮನೆಗೆ ಬಂದ ಮೇಲೆ ಜೋರಾದ ಎದೆನೋವು, ಹೊಟ್ಟೆನೋವು, ಜ್ವರ, ರಕ್ತ ವಾಂತಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಯಾಪ್ಸಿ ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಹೊಟ್ಟೆ ಸರಿಹೋಯಿತೆಂದು ಅದನ್ನು ತರದೆ ಬಿಡಬೇಡಿ. ಘಟ್ಟ ಹತ್ತಿ ಮತ್ತೆ ಹೋಗುವುದಾಗದಿದ್ದರೆ ವಾಟ್ಸಾಪಿನಲ್ಲಿ ಕಳಿಸುತ್ತಾರೆಯೇ ಎಂದು ಹೊರಡುವಾಗಲೇ ಕೇಳಿಕೊಳ್ಳಿ.