ಪಿಥೋರಾ ಗೋಡೆಯ ಮನೆಯಲ್ಲಿ ತಂಗುವಾಗ

ವಡೋದರಾದಿಂದ ಪೂರ್ವಕ್ಕೆ, ಛೋಟಾ ಉದೇಪುರದ ಕಡೆ ಹೋದಾಗ ರಾಠ್ವಾ ಆದಿವಾಸಿಗಳ ಮನೆಯಲ್ಲಿ ಉಳಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಆದರೆ ಒಳಜಗಲಿಯ ಗೋಡೆ ತುಂಬ ಸಾಲುಗಟ್ಟಿದ ಬಣ್ಣದ ಕುದುರೆಗಳನ್ನು ಕಂಡ ಕೂಡಲೇ ಮೊಬೈಲ್ ತೆಗೆಯಬೇಡಿ. ಅದು ಅಲಂಕಾರವಲ್ಲ, ಪಿಥೋರಾ ದೇವರಿಗೆ ತೀರಿಸಿದ ಹರಕೆ. ಹಾಲು, ಮಹುವಾ ಮದ್ಯದಲ್ಲಿ ಬಣ್ಣ ಕಲಸಿ, ಬಡವೋ ಎನ್ನುವ ಪೂಜಾರಿಯ ಸಮ್ಮುಖದಲ್ಲಿ ಬರೆದದ್ದು. ಮೊದಲು ಮನೆಯವರನ್ನು ಕೇಳಿ. ಆ ಗೋಡೆಗೆ ಒರಗಬೇಡಿ, ಬ್ಯಾಗನ್ನೂ ಆನಿಸಬೇಡಿ. ಬರುವ ಸುದ್ದಿ ಹಿಂದಿನ ದಿನವೇ ಮುಟ್ಟಿಸಿ. ಮೆಕ್ಕೆಜೋಳದ ರೊಟ್ಟಿ ತಟ್ಟಿ ಬಡಿಸುವ ತಾಯಿಗೆ ಹೊಲದ ಕೆಲಸವೂ ಇರುತ್ತದೆ. ಗುಜರಾತಿನಲ್ಲಿ ಪಾನನಿಷೇಧವಿದೆ, ಬಾಟಲಿ ಒಯ್ಯಬೇಡಿ. ಬಿಡುವಿದ್ದರೆ ಸಂಖೇಡಾವನ್ನೂ ನೋಡಿ. ನಮ್ಮ ಚನ್ನಪಟ್ಟಣದ ಹಾಗೆ ಅಲ್ಲಿಯೂ ಮರ ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ. ಕೊಳ್ಳುವುದಿದ್ದರೆ ಮಾಡಿದವರಿಂದಲೇ ಕೊಳ್ಳಿ, ಚೌಕಾಸಿಗೆ ಇಳಿಯಬೇಡಿ.