ಜ್ಯೂರಿ ಡ್ಯೂಟಿಗೆ ಕರೆ ಬಂದರೆ...

ಅಮೆರಿಕದ ಸಿಟಿಜನ್‌ಶಿಪ್ ಸಿಕ್ಕ ಮೇಲೆ ಒಂದಲ್ಲ ಒಂದು ದಿನ ಅಂಚೆ ಡಬ್ಬದಲ್ಲಿ ಜ್ಯೂರಿ ಸಮನ್ಸ್ ಬಂದು ಕೂತಿರುತ್ತದೆ. ನನಗೆ ಬಂದಾಗ ಆಫೀಸಿನ ಗೆಳೆಯರೊಬ್ಬರು ಉಪಾಯ ಹೇಳಿಕೊಟ್ಟರು: "ಯಾವುದಾದರೂ ಖಾರವಾದ ಅಭಿಪ್ರಾಯ ಹೇಳಿಬಿಡಿ, ಮಧ್ಯಾಹ್ನದೊಳಗೆ ಮನೆ ಸೇರುತ್ತೀರಿ!" ಇನ್ನೊಬ್ಬರ ಸಲಹೆ ತದ್ವಿರುದ್ಧ: "ಏನು ಕೇಳಿದರೂ ನನಗೆ ಪೂರ್ವಗ್ರಹ ಇಲ್ಲ ಅನ್ನಿ, ಗೌರವವಾಗಿರುತ್ತದೆ." ಎರಡೂ ಸರಿಯಲ್ಲ ಅನ್ನಿಸಿದ್ದು ಕೆಲವು ಹಳೆಯ ಕೇಸುಗಳನ್ನು ಓದಿದ ಮೇಲೆ.

ಜ್ಯೂರಿ ನಮಗೆ ತೀರ ಹೊಸದೇನಲ್ಲ. 1908ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತಲ್ಲ, ಅದು ಜ್ಯೂರಿ ಮುಂದೆಯೇ. ಸರಕಾರದ ವಕೀಲರು 'ಸ್ಪೆಷಲ್ ಜ್ಯೂರಿ' ಬೇಕೆಂದು ಕೇಳಿ ಪಡೆದುಕೊಂಡರು. ಒಂಬತ್ತು ಜನರಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಆರೋಪ ಇದ್ದದ್ದು 'ಕೇಸರಿ'ಯ ಮರಾಠಿ ಲೇಖನಗಳ ಮೇಲೆ. ಜ್ಯೂರಿಯ ಕೈಗೆ ಸಿಕ್ಕಿದ್ದು ಇಂಗ್ಲಿಷ್ ಅನುವಾದ. ಆ ಅನುವಾದವೇ ತಪ್ಪು ಎಂದು ತಿಲಕರು ದಿನಗಟ್ಟಲೆ ತಾವೇ ವಾದಿಸಿದರು. ತೀರ್ಪು 7-2. ಆರು ವರ್ಷ ಮಂಡಾಲೆ. ಆ ಏಳು ಜನ ಕೆಟ್ಟವರೇ ಆಗಿರಬೇಕಿಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಯಾರು ಕೂರಬೇಕೆಂಬುದು ನಿರ್ಧಾರವಾದ ಗಳಿಗೆಯಲ್ಲೇ ಕೇಸು ಮುಕ್ಕಾಲು ಪಾಲು ಮುಗಿದಿತ್ತು ಅನ್ನಿಸುತ್ತದೆ.

ಇಲ್ಲಿ ಅದಕ್ಕಾಗಿಯೇ ವ್ವಾರ್ ಡೀರ್ ಎಂಬ ಪ್ರಶ್ನೋತ್ತರ ಇದೆ. ಜ್ಯೂರಿಯಾಗಬಹುದಾದವರನ್ನು ನ್ಯಾಯಾಧೀಶರೋ ವಕೀಲರೋ ಪ್ರಶ್ನಿಸುತ್ತಾರೆ. ಪಕ್ಷಪಾತ ಸ್ಪಷ್ಟವಾದರೆ ಜಡ್ಜ್ ಕೈಬಿಡುತ್ತಾರೆ. ಅದಲ್ಲದೆ ಹೆಚ್ಚಿನ ರಾಜ್ಯಗಳಲ್ಲಿ ಎರಡೂ ಕಡೆಯವರು ಕಾರಣ ಹೇಳದೆ ಕೆಲವರನ್ನು ತೆಗೆಯಬಹುದು. ಇಲ್ಲೊಂದು ಗುಟ್ಟಿದೆ: ವಕೀಲರಿಗೆ ಬೇಕಾದ್ದು ನಿಷ್ಪಕ್ಷಪಾತಿಯಲ್ಲ, ತಮ್ಮ ಕಡೆ ತೂಗುವವರು! ಕೆಂಟಕಿಯ ಒಂದು ಕೇಸಿನಲ್ಲಿ ಪ್ರಾಸಿಕ್ಯೂಟರ್ ಇದ್ದ ನಾಲ್ಕೂ ಕರಿಯರನ್ನು ತೆಗೆದುಹಾಕಿದ್ದರು. ಜನಾಂಗದ ಕಾರಣಕ್ಕೆ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1986ರ ಬ್ಯಾಟ್ಸನ್ ತೀರ್ಪಿನಲ್ಲಿ. ರಾಜಕೀಯ ಒಲವಿನ ಬಗ್ಗೆ ಅಂಥ ತೀರ್ಪನ್ನು ಆ ಕೋರ್ಟು ಕೊಟ್ಟಿಲ್ಲ.

ಪ್ರಶ್ನೆಗಳನ್ನೇ ಕೇಳದಿದ್ದರೆ ಏನಾಗುತ್ತದೆ? ಶಿಕಾಗೊ ಸೆವೆನ್ ಕೇಸು ನೋಡಿ. 1968ರ ಡೆಮಾಕ್ರಟಿಕ್ ಸಮಾವೇಶದ ವೇಳೆ ವಿಯೆಟ್ನಾಂ ಯುದ್ಧ ವಿರೋಧಿಸಿ ಪ್ರತಿಭಟನೆ, ಪೊಲೀಸರ ಲಾಠಿ, ಗಲಭೆ. ಮರುವರ್ಷ ವಿಚಾರಣೆ. ಊರಿಗೆ ಊರೇ ಎರಡು ಪಂಗಡ. ಯುದ್ಧದ ಬಗ್ಗೆ ಏನನ್ನಿಸುತ್ತದೆ, ಉದ್ದ ಕೂದಲಿನ ಹುಡುಗರ ಬಗ್ಗೆ, ಪೊಲೀಸರ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿ ಎಂದು ಪ್ರತಿವಾದಿ ವಕೀಲರು ಪಟ್ಟಿಯನ್ನೇ ಕೊಟ್ಟರು. ಜಡ್ಜ್ ಜೂಲಿಯಸ್ ಹಾಫ್‌ಮನ್ ಅದನ್ನೆಲ್ಲ ಬದಿಗಿಟ್ಟು ಜ್ಯೂರಿ ಆರಿಸಿ ಮುಗಿಸಿದರು. (ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇನ್‌ಪುಟ್ ಚೆಕ್ ಮಾಡದೆ ಪ್ರೋಗ್ರಾಂ ಓಡಿಸಿದ ಹಾಗೆ.) ಆಮೇಲೆ ತಿಂಗಳುಗಟ್ಟಲೆ ಜಡ್ಜ್‌ಗೂ ವಕೀಲ ವಿಲಿಯಂ ಕುನ್‌ಸ್ಟ್ಲರ್‌ಗೂ ಜಟಾಪಟಿ. 1970ರ ಫೆಬ್ರವರಿಯಲ್ಲಿ ಐವರಿಗೆ ಗಲಭೆ ಪ್ರಚೋದನೆಯ ಶಿಕ್ಷೆ, ಕುನ್‌ಸ್ಟ್ಲರ್‌ಗೂ ನ್ಯಾಯಾಂಗ ನಿಂದನೆಗಾಗಿ ನಾಲ್ಕು ವರ್ಷಕ್ಕೂ ಮೀರಿದ ಜೈಲು ಶಿಕ್ಷೆ. 1972ರಲ್ಲಿ ಮೇಲ್ಮನವಿ ಕೋರ್ಟು ಆ ಐವರ ಶಿಕ್ಷೆಯನ್ನು ರದ್ದು ಮಾಡಿತು. ಜ್ಯೂರಿಗಳ ಮನಸ್ಸನ್ನು ಸಾಕಷ್ಟು ವಿಚಾರಿಸಲಿಲ್ಲ ಎಂಬುದೂ, ಜಡ್ಜ್ ಮತ್ತು ಸರಕಾರಿ ವಕೀಲರ ನಡವಳಿಕೆಯೂ ಅದಕ್ಕೆ ಕಾರಣ. ಅಷ್ಟು ತಿಂಗಳ ಶ್ರಮ ನೀರಿಗೆ!

ಹಾಗಂತ ಪೇಪರ್ ಓದದ, ಟಿವಿ ನೋಡದ ಜ್ಯೂರಿಯೇ ಬೇಕು ಎಂದು ಕಾನೂನು ಹೇಳುವುದಿಲ್ಲ. ಅಭಿಪ್ರಾಯ ಇದ್ದರೂ ಅದನ್ನು ಪಕ್ಕಕ್ಕಿಟ್ಟು ಸಾಕ್ಷ್ಯ ನೋಡಬಲ್ಲಿರಾ ಎಂಬುದೇ 1961ರ ಅರ್ವಿನ್ ಕೇಸಿನ ಅಳತೆ. ಆದರೆ "ಬಲ್ಲೆ" ಎಂಬ ಮಾತನ್ನೇ ನಂಬಿಬಿಡುವಂತಿಲ್ಲ ಎಂದೂ ಅದೇ ಕೇಸು ತೋರಿಸಿತು. ಅಲ್ಲಿ ಹನ್ನೆರಡರಲ್ಲಿ ಎಂಟು ಜನ ಆರೋಪಿಯನ್ನು ಮೊದಲೇ ತಪ್ಪಿತಸ್ಥ ಅಂದುಕೊಂಡಿದ್ದರು, ಶಿಕ್ಷೆ ನಿಲ್ಲಲಿಲ್ಲ.

ನನ್ನ ಸರದಿಗೆ ಬಂದದ್ದು ಕುಡಿದು ಕಾರು ಓಡಿಸಿದ ಒಂದು ಸಣ್ಣ ಕೇಸು. "ಪೊಲೀಸರ ಮಾತಿಗೆ ಬೇರೆಯವರ ಮಾತಿಗಿಂತ ಹೆಚ್ಚು ತೂಕ ಕೊಡುತ್ತೀರಾ?" ಎಂದು ಕೇಳಿದರು. ಎರಡು ಕ್ಷಣ ಯೋಚಿಸಿ, "ಇಲ್ಲ, ಸ್ವಲ್ಪ ಕಡಿಮೆಯೇ ಕೊಡುತ್ತೇನೇನೋ, ನಾನು ಬೆಳೆದದ್ದು ಹಾಗೆ" ಅಂದೆ. ಆರೋಪಿಯ ವಕೀಲರು ಮುಗುಳ್ನಕ್ಕರು. ಪ್ರಾಸಿಕ್ಯೂಟರ್ ಥ್ಯಾಂಕ್ಸ್ ಹೇಳಿ ನನ್ನನ್ನು ಮನೆಗೆ ಕಳಿಸಿದರು. ಗೆಳೆಯರು ಹೇಳಿದಂತೆ ಮಧ್ಯಾಹ್ನದೊಳಗೇ!