ಇಲಿ ಪಾಠ ಕಲಿಯುವ ಮೊದಲು

ನುಗ್ಗೇಹಳ್ಳಿ ಸುತ್ತಿನ ರಾಗಿ ಹೊಲ, ತೆಂಗಿನ ತೋಟಗಳಲ್ಲಿ ಇಲಿಗೆ ಪಾಷಾಣವಿಡುವುದು ಹೊಸದೇನಲ್ಲ. ಮೊದಲ ದಿನ ಕೆಲವು ಇಲಿಗಳು ಸಾಯುತ್ತವೆ. ಉಳಿದವು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಇದು ಪಾಷಾಣದ ದೋಷವಲ್ಲ, ಇಲಿಗಳು ಪಾಠ ಕಲಿತಿರುತ್ತವೆ.

ಕಲಿಯುವ ಬಗೆ

ಇಲಿಯು ಹೊಸ ಆಹಾರವನ್ನು ಮೊದಲು ಸ್ವಲ್ಪವೇ ತಿಂದು ನೋಡುತ್ತದೆ. ಆಗ ರುಚಿ, ವಾಸನೆ, ಬೆಳಕು, ಸದ್ದು ಎಲ್ಲವೂ ಒಟ್ಟಿಗೆ ಅದರ ಅರಿವಿಗೆ ಬರುತ್ತವೆ. ಇವುಗಳಲ್ಲಿ ಅದು ಯಾವುದನ್ನು ನೆನಪಿಡುತ್ತದೆ? 1966ರಲ್ಲಿ ಅಮೆರಿಕದ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಲಿಂಗ್ ಇದನ್ನು ಪರೀಕ್ಷಿಸಿದರು. ಇಲಿಗಳು ರುಚಿ ಸೇರಿಸಿದ ನೀರನ್ನು ನೆಕ್ಕಿದೊಡನೆ ದೀಪ ಮಿನುಗಿ ಸದ್ದಾಗುವಂತೆ ಏರ್ಪಡಿಸಿದರು. ಅನಂತರ ಹೊಟ್ಟೆ ಕೆಡಿಸಿದ ಇಲಿಗಳು ಆ ರುಚಿಯನ್ನು ದೂರವಿಟ್ಟವು. ದೀಪ, ಸದ್ದುಗಳಿಗೆ ಅಂಜಲಿಲ್ಲ. ವಿದ್ಯುತ್ ಆಘಾತ ಪಡೆದ ಇಲಿಗಳು ದೀಪ, ಸದ್ದುಗಳಿಗೆ ಅಂಜಿದವು, ರುಚಿಯನ್ನು ಬಿಡಲಿಲ್ಲ.

ಅಂದರೆ ಹೊಟ್ಟೆಯ ಸಂಕಟಕ್ಕೆ ಇಲಿ ದೂರುವುದು ರುಚಿಯನ್ನೇ. ಜಿಂಕ್ ಫಾಸ್ಫೈಡ್ ಬೇಗ ಪರಿಣಾಮ ತೋರುವ ವಿಷ. ಅರೆಬರೆ ತಿಂದು ಬದುಕುಳಿದ ಇಲಿ ಅದೇ ತಿನಿಸನ್ನು ವಾರಗಟ್ಟಲೆ ಮುಟ್ಟುವುದಿಲ್ಲ. ತಿನಿಸನ್ನು ಬೇರೆ ಮೂಲೆಗೆ ಸರಿಸಿದರೂ ಪ್ರಯೋಜನವಾಗದು.

ಹತೋಟಿ ಕ್ರಮ

1. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಬೇಕು. ಮರುದಿನ ತೆರೆದಿರುವ ಬಿಲಗಳಲ್ಲಿ ಇಲಿಗಳಿವೆ ಎಂದು ತಿಳಿಯಬೇಕು.

2. ಈ ಬಿಲಗಳಲ್ಲಿ 2-3 ದಿನ 98 ಭಾಗ ನುಚ್ಚು, 2 ಭಾಗ ಎಣ್ಣೆ ಬೆರೆಸಿದ ವಿಷರಹಿತ ತಿನಿಸನ್ನಿಟ್ಟು ರೂಢಿ ಮಾಡಿಸಬೇಕು. ಹೀಗೆ ಮಾಡಿದರೆ ಇಲಿ ಹೊಟ್ಟೆ ತುಂಬ ತಿನ್ನುತ್ತದೆ.

3. ಅನಂತರ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಬೆರೆಸಿ, ಬಿಲಕ್ಕೆ 10 ಗ್ರಾಂನಂತೆ ಪೊಟ್ಟಣ ಕಟ್ಟಿ ಒಳಗಿಡಬೇಕು. ಇದು ಒಂದು ಸಲ ಮಾತ್ರ.

4. ಉಳಿದ ಇಲಿಗಳಿಗೆ ಶೇಕಡಾ 0.005ರ ಬ್ರೊಮಾಡಿಯೊಲೋನ್ ಬಳಸಬೇಕು. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೆಲವು ದಿನಗಳ ಬಳಿಕ ಕೊಲ್ಲುವುದರಿಂದ, ತಿಂದದ್ದಕ್ಕೂ ಸಂಕಟಕ್ಕೂ ಇರುವ ನಂಟು ಇಲಿಗೆ ತಿಳಿಯದು.

5. ತೆಂಗಿನ ತೋಟದಲ್ಲಿ 5 ಮರಗಳಿಗೆ ಒಂದರಂತೆ, ಸುಳಿಯಲ್ಲಿ ಇದರ 10 ಗ್ರಾಂ ಮೇಣದ ಬಿಲ್ಲೆಯನ್ನು 12 ದಿನಗಳ ಅಂತರದಲ್ಲಿ ಎರಡು ಬಾರಿ ಇಡಬೇಕು.

ಎಚ್ಚರಿಕೆ

ಜಿಂಕ್ ಫಾಸ್ಫೈಡಿಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಬರಿಗೈಯಲ್ಲಿ ಬೆರೆಸಬಾರದು, ಕೋಲನ್ನು ಬಳಸಿ. ಮಕ್ಕಳು, ನಾಯಿ, ದನಕರುಗಳಿಗೆ ಎಟುಕದಂತೆ ನೋಡಿಕೊಳ್ಳಿ. ಸತ್ತ ಇಲಿಗಳನ್ನೂ ಉಳಿದ ತಿನಿಸನ್ನೂ ಆಳವಾಗಿ ಹೂಳಿ. ಯಾರಾದರೂ ಅಕಸ್ಮಾತ್ ಸೇವಿಸಿದರೆ ಪೊಟ್ಟಣದೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಒಬ್ಬರ ಹೊಲದಲ್ಲಿ ಮಾತ್ರ ಮಾಡಿದರೆ ಪಕ್ಕದ ಹೊಲದ ಇಲಿಗಳು ಬಂದು ಸೇರುತ್ತವೆ. ಆದುದರಿಂದ ರೈತರು ನೆರೆಹೊರೆಯವರೊಡನೆ ಕೂಡಿ, ಒಂದೇ ವಾರದಲ್ಲಿ ಈ ಕ್ರಮ ಕೈಗೊಂಡರೆ ಫಸಲು ಉಳಿಯುತ್ತದೆ.